ಜರಡಿ ಹಿಡಿದ ಕಡಲು

"ಬಾಟಲಿ ಇಲ್ಲಿ ಕೊಡ್ತೀರೋ, ನಾನೇ ಕಿತ್ಕೊಳ್ಳಲೋ?"

"ಯಾಕೆ ಕೊಡ್ಬೇಕು? ನನ್ನ ಬಾಟಲಿ, ನನ್ನ ನೀರು."

"ನೀರು ನಿಮ್ಮದೇ. ಒಳಗಿರೋ ಮರಳು ಯಾರಪ್ಪನ ಮನೇದು?"

ವ್ಯಾನಿನಲ್ಲಿದ್ದವರೆಲ್ಲ ಕೊನೆಯ ಸೀಟಿನತ್ತ ತಿರುಗಿದರು. ಮೇಸ್ತ್ರಿ ಬಾಟಲಿಯನ್ನು ಮಂಡಿಗಳ ನಡುವೆ ಅವಚಿಕೊಂಡು ಕಿಟಕಿಯಾಚೆ ನೋಡಿದ. ಮೂವತ್ತು ವರ್ಷ ಗೋಡೆ ಕಟ್ಟಿ, ಗಾರೆ ಬಳಿದು, ಆಳುಗಳ ಮೇಲೆ ಹರಿಹಾಯ್ದು ಪಳಗಿದ ಬಾಯಿ ಅವನದು. ಹೆಂಡತಿ ಹೀಗೆ ದನಿ ಏರಿಸದೆ ಕೇಳಿದಾಗ ಮಾತ್ರ ಆ ಬಾಯಿಗೆ ಬೀಗ ಬೀಳುತ್ತಿತ್ತು.

ಕದಿಯಬೇಕೆಂದು ಅವನು ಕದ್ದಿರಲಿಲ್ಲ. ಹೊಸ ಮರಳು ಕಂಡರೆ ಕೈ ತಾನಾಗಿಯೇ ಹೋಗುತ್ತಿತ್ತು. ಬಾಟಲಿಗೆ ಅರ್ಧ ಮರಳು ತುಂಬಿ, ನೀರು ಬೆರೆಸಿ, ಚೆನ್ನಾಗಿ ಕುಲುಕಿ ಇಟ್ಟರೆ ಮರಳು ತಳಕ್ಕೆ ಕೂರುತ್ತದೆ, ಮಣ್ಣು ಅದರ ಮೇಲೆ ನಿಲ್ಲುತ್ತದೆ. ಮಣ್ಣು ಎಷ್ಟು ಬೆರಳು ದಪ್ಪ ನಿಂತಿತೆಂದು ನೋಡಿ ಅವನು ಲಾರಿಗಳನ್ನು ವಾಪಸ್ ಅಟ್ಟುತ್ತಿದ್ದ. ಸ್ವಲ್ಪ ಹೊತ್ತಿನ ಹಿಂದೆ ಕಡಲ ದಂಡೆಯಲ್ಲೂ ಕೈ ಅದೇ ಕೆಲಸ ಮಾಡಿತ್ತು.

ದಂಡೆಯ ಬಾಗಿಲಲ್ಲಿ ಒಂದು ಸಣ್ಣ ಕೋಣೆ. ಒಳಗೆ ಹೋಗುವವರು ಚಪ್ಪಲಿಯನ್ನು ಅಲ್ಲಿನ ಹಲಗೆಯ ಮೇಲೆ ಬಿಡಬೇಕು. ಹೊರಗೆ ಬರುವಾಗ ಕಾವಲಿನ ಹೆಂಗಸು ಪ್ರತಿಯೊಬ್ಬರ ಪಾದವನ್ನೂ ಬಕೆಟ್ಟಿನ ಮೇಲೆ ಹಿಡಿಸಿ, ಬ್ರಷ್ಷಿನಿಂದ ಉಜ್ಜಿ, ಅಂಟಿದ ಮರಳು ಉದುರಿಸಿಕೊಳ್ಳುತ್ತಿದ್ದಳು. "ಒಂದು ಕಾಳೂ ಆಚೆ ಹೋಗೋ ಹಾಗಿಲ್ಲ" ಎಂದು ಹೇಳಿಯೂ ಇದ್ದಳು. ಮೇಸ್ತ್ರಿ ತಲೆಯಾಡಿಸಿ, ಎರಡೂ ಪಾದ ಉಜ್ಜಿಸಿಕೊಂಡು, ಚೀಲದೊಳಗಿನ ಬಾಟಲಿಯಲ್ಲಿ ಅರ್ಧ ಮರಳು ಇಟ್ಟುಕೊಂಡೇ ಬಂದಿದ್ದ. ವ್ಯಾನ್ ಹತ್ತಿ ಬಾಟಲಿ ಕುಲುಕುವಾಗಲೇ ಅವನಿಗೆ ತಾನು ಮಾಡಿದ್ದು ಹೊಳೆದದ್ದು.

"ಒಂದ್ಸಲ ನೋಡಾದ್ರೂ ನೋಡು," ಎಂದು ಈಗ ಬಾಟಲಿಯನ್ನು ಬೆಳಕಿಗೆ ಹಿಡಿದ. "ಒಂದು ಎಳೆ ಮಣ್ಣಿಲ್ಲ. ಇಂಥ ಮರಳು ನಾನು ಹುಟ್ಟಿದಾಗಿಂದ ಕಂಡಿಲ್ಲ."

ನೀರು ತಿಳಿಯಾಗಿತ್ತು. ತಳದಲ್ಲಿ ಮರಳು ಹಸಿರಾಗಿ ಕೂತಿತ್ತು.

"ನಾನೂ ಕಂಡಿಲ್ಲ," ಎಂದಳು ಹೆಂಡತಿ. "ಕಾಣೋಕೆ ಬಿಟ್ರೆ ತಾನೆ."

ಆ ಮಾತು ಹೋಗಿ ಮುಂದಿನ ಸೀಟಿಗೆ ತಾಗಿತು. ಅಲ್ಲಿ ಕೂತವನು ಅವಳ ತಮ್ಮ. ಶಾಲೆಯೊಂದರಲ್ಲಿ ಗುಮಾಸ್ತ. ಯಾವ ತರಗತಿಗೆ ಯಾವ ಗಂಟೆಗೆ ಯಾವ ಪಾಠ ಎಂದು ವರ್ಷವೆಲ್ಲ ಗೆರೆ ಹಾಕಿ ಹಾಕಿ, ರಜೆಯಲ್ಲೂ ಅದೇ ಚಟ. ಎರಡು ದಿನದ ಈ ಪ್ರವಾಸಕ್ಕೆ ಒಂಬತ್ತು ಜಾಗಗಳ ಪಟ್ಟಿ ಬರೆದುಕೊಂಡು ಬಂದಿದ್ದ. ಮೇಸ್ತ್ರಿ ಅವನಿಗೆ ಇಟ್ಟ ಹೆಸರೂ ಪಟ್ಟಿ ಎಂದೇ. ಹಸಿರು ಮರಳಿನ ದಂಡೆ ಪಟ್ಟಿಯಲ್ಲಿ ನಾಲ್ಕನೆಯದು. ಇಪ್ಪತ್ತು ನಿಮಿಷ.

ಆ ಇಪ್ಪತ್ತರಲ್ಲಿ ಹದಿನೈದು ನಿಮಿಷ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯುವುದಕ್ಕೆ ಹೋಗಿತ್ತು. ಅಕ್ಕ ಬಲಕ್ಕೆ ಬಾ, ಅಕ್ಕ ಎಡಕ್ಕೆ ಹೋಗು, ಅಕ್ಕ ಆ ಚೀಲ ಹಿಡ್ಕೋ. ಅವಳು ಬಗ್ಗಿ ಮರಳನ್ನು ಮುಟ್ಟುವಷ್ಟರಲ್ಲಿ ವ್ಯಾನಿನ ಹಾರನ್ ಕೂಗಿತ್ತು.

ಈ ದಂಡೆಯನ್ನು ಪಟ್ಟಿಗೆ ಸೇರಿಸು ಎಂದು ಕೇಳಿದ್ದೇ ಅವಳು. ಕೆಲಸದ ಜಾಗದ ಸಾಮಾನು ಶೆಡ್ಡಿನಲ್ಲಿ ಹಳೆಯ ಕ್ಯಾಲೆಂಡರಿನ ಹಾಳೆಯೊಂದಿತ್ತು. ಸತ್ತ ಜ್ವಾಲಾಮುಖಿಯ ಬುಡ, ಕಪ್ಪು ಬಂಡೆ, ನಡುವೆ ಹಸಿರು ಮರಳು. ಗಂಡನ ಜೊತೆ ದುಡಿಯುತ್ತಿದ್ದ ಅವಳು ಬೆಳಗಿಂದ ಮರಳು ಜರಡಿ ಹಿಡಿದು, ಮಧ್ಯಾಹ್ನ ಆ ಚಿತ್ರದ ಕೆಳಗೆ ಕೂತು ಉಣ್ಣುತ್ತಿದ್ದಳು. ಜಗತ್ತಿನಲ್ಲಿ ಬೆರಳೆಣಿಕೆಯ ಕಡೆ ಮಾತ್ರ ಹೀಗಿದೆಯಂತೆ, ಒಮ್ಮೆ ಮುಟ್ಟಿ ನೋಡಬೇಕು ಎನ್ನುತ್ತಿದ್ದಳು. ಬೇರೇನನ್ನೂ ಅವಳು ಕೇಳಿದ್ದು ಮೇಸ್ತ್ರಿಗೆ ನೆನಪಿರಲಿಲ್ಲ.

ಟಯರಿಗೆ ಗಾಳಿ ತುಂಬಿಸಲು ಡ್ರೈವರ್ ದಂಡೆಯ ರಸ್ತೆ ಮುಗಿಯುವಲ್ಲೇ ಇದ್ದ ಪೆಟ್ರೋಲ್ ಬಂಕಿನಲ್ಲಿ ವ್ಯಾನ್ ನಿಲ್ಲಿಸಿದ. ಮೇಸ್ತ್ರಿಯ ಮಂಡಿ ಸ್ವಲ್ಪ ಸಡಿಲವಾಗಿದ್ದೇ ತಡ, ಅವಳು ಬಾಟಲಿ ಎಳೆದುಕೊಂಡು ಕೆಳಗಿಳಿದೇಬಿಟ್ಟಳು.

"ಅಕ್ಕಾ, ಎಲ್ಲಿಗೆ?"

"ಇದನ್ನ ಇದರ ಮನೆಗೆ ಬಿಟ್ಟು ಬರ್ತೀನಿ."

"ಹಿಡಿ ಮರಳಿಗೆ ಇಷ್ಟು ರಂಪವಾ? ಮುಂದೆ ಜಲಪಾತ ಇದೆ, ಅಂಗಡಿ ಸಾಲು ಇದೆ. ಭಾವ, ನೀವಾದ್ರೂ ಹೇಳಿ."

"ಜಲಪಾತ ಎಲ್ಲಿಗೂ ಓಡಿಹೋಗಲ್ಲ. ನಿನ್ನ ಪಟ್ಟಿಗಿಷ್ಟು ಬೆಂಕಿ ಹಾಕ," ಎಂದು ಮೇಸ್ತ್ರಿ ಎಲ್ಲರ ಕಾಲು ತುಳಿದುಕೊಂಡು ಇಳಿದ. "ಹತ್ತು ನಿಮಿಷ. ಕರ್ಕೊಂಡು ಬರ್ತೀನಿ."

ಅವಳು ಆಗಲೇ ಬಹಳ ಮುಂದಿದ್ದಳು. ಮೂವತ್ತು ವರ್ಷ ತಲೆಯ ಮೇಲೆ ಗಾರೆ ಬಾಣಲಿ ಹೊತ್ತು ಏಣಿ ಹತ್ತಿದವಳ ನಡಿಗೆ ಅದು. ಮೇಸ್ತ್ರಿ ಏದುಸಿರು ಬಿಡುತ್ತ ಅವಳನ್ನು ಮುಟ್ಟುವಾಗ ಕಾವಲಿನ ಕೋಣೆಯೇ ಬಂದಿತ್ತು.

"ಏನಾದ್ರೂ ಮರೆತು ಹೋದ್ರಾ?" ಎಂದಳು ಕಾವಲಿನಾಕೆ.

ಹೆಂಡತಿ ಬಾಯಿ ತೆರೆಯುವ ಮೊದಲೇ ಮೇಸ್ತ್ರಿ, "ಮರಳು ತಗೊಂಡು ಹೋಗಿದ್ದೆ. ನಾನೇ. ಬೈಯೋದಿದ್ರೆ ಬೇಗ ಬೈದು ಮುಗಿಸಿ," ಎಂದ.

ಕಾವಲಿನಾಕೆ ಬಾಟಲಿಯನ್ನೂ ಅವನನ್ನೂ ನೋಡಿದಳು. "ಕೆಲವರು ಅಂಚೆಯಲ್ಲಿ ವಾಪಸ್ ಕಳಿಸ್ತಾರೆ, ನಾಲ್ಕು ವರ್ಷ ಆದ್ಮೇಲೆ. ನೀವು ಅರ್ಧ ಗಂಟೇಲೇ ಬಂದಿದ್ದೀರಿ. ಬೈಯೋಕೆ ಮನಸ್ಸು ಬರ್ತಿಲ್ಲ. ಚಪ್ಪಲಿ ಬಿಟ್ಟು ಬನ್ನಿ."

ದಂಡೆಯಲ್ಲಿ ಈಗ ಜನವಿರಲಿಲ್ಲ. ಮೂವರೂ ನೀರಿನ ಅಂಚಿಗೆ ನಡೆದರು. ಹೆಂಡತಿ ಮಂಡಿಯೂರಿ ಬಾಟಲಿ ಬಗ್ಗಿಸಿದಳು. ಅಲೆಯೊಂದು ಬಂದು ಆ ಪುಟ್ಟ ಗುಡ್ಡೆಯನ್ನು ಒರೆಸಿ ಸಮ ಮಾಡಿ ಹೋಯಿತು. ಗಾರೆ ಕೆಲಸಕ್ಕೆ ಒಳ್ಳೆ ಕೈ ಎಂದುಕೊಂಡ ಮೇಸ್ತ್ರಿ.

"ಇದಕ್ಕೆ ಈ ಬಣ್ಣ ಹೆಂಗೆ ಬಂತು?" ಎಂದು ಹೆಂಡತಿ ಕೇಳಿದಳು.

"ಬೆಟ್ಟ ಉಗುಳಿದ ಕಲ್ಲಲ್ಲಿ ಕಪ್ಪು ಕಾಳೂ ಇತ್ತು, ಹಸಿರು ಕಾಳೂ ಇತ್ತು," ಎಂದಳು ಕಾವಲಿನಾಕೆ. "ಹಸಿರಿನದು ಭಾರ. ಅಲೆ ಹಗುರ ಇರೋದನ್ನ ಎಳ್ಕೊಂಡು ಹೋಗುತ್ತೆ, ಭಾರದ್ದನ್ನ ಇಲ್ಲೇ ಬಿಡುತ್ತೆ. ಸಾವಿರಾರು ವರ್ಷದಿಂದ ಇದೇ ಕೆಲಸ. ಬೆಟ್ಟ ತಣ್ಣಗಾಯ್ತು, ಇನ್ನು ಹೊಸದು ಬರಲ್ಲ. ಇರೋದು ಇಷ್ಟೇ."

ಹೆಂಡತಿ ಸ್ವಲ್ಪ ಹೊತ್ತು ಅಲೆಯನ್ನೇ ನೋಡಿದಳು. ಆಮೇಲೆ ನಗು ಶುರುವಾಯಿತು. ಸಣ್ಣದಾಗಿ ಶುರುವಾಗಿ, ಹೊಟ್ಟೆ ಹಿಡಿದುಕೊಳ್ಳುವ ತನಕ ಹೋಯಿತು.

"ಏನಾಯ್ತೇ?"

"ರೀ, ಜರಡಿ ಹಿಡೀತಿದೆ ಕಣ್ರೀ. ಇಷ್ಟು ದೊಡ್ಡ ಸಮುದ್ರ, ನನ್ನ ಕೆಲಸ ಮಾಡ್ತಿದೆ."

ಮೇಸ್ತ್ರಿಗೂ ನಗು ತಡೆಯಲಾಗಲಿಲ್ಲ. "ನಿನಗಿಂತ ಚೆನ್ನಾಗಿ ಹಿಡಿದಿದೆ ಬಿಡು. ಎಳೆ ಮಣ್ಣಿಲ್ಲ."

"ಅದಕ್ಕೆ ಗಾರೆ ಬೇಗ ತಾ ಅಂತ ಬೈಯೋ ಗಂಡ ಇಲ್ವಲ್ಲ. ಕೈ ಹಿಡೀರಿ ಇಲ್ಲಿ."

ಅವನ ಅಂಗೈಗೆ ಅವಳು ಒಂದು ಹಿಡಿ ಸುರಿದಳು. ಹೆಬ್ಬೆರಳು ತಾನಾಗಿಯೇ ಉಜ್ಜಲು ಹೋಯಿತು. ಅವಳು ಅದರ ಮೇಲೆ ಪಟ್ಟನೆ ಹೊಡೆದಳು.

"ಪರೀಕ್ಷೆ ಬೇಡ. ಸುಮ್ನೆ ನೋಡಿ."

ನೋಡಿದ. ಬಿಸಿಲಿಗೆ ತಿರುಗಿಸಿದಾಗ ಒಂದೊಂದು ಕಾಳೂ ಒಂದೊಂದು ಹಸಿರು. ಕೆಲವು ಗಾಜಿನ ಚೂರಿನಂತೆ, ಕೆಲವು ಎಳೆ ಎಲೆಯಂತೆ, ನಡುನಡುವೆ ಎಳ್ಳಿನಂಥ ಕಪ್ಪು. ಎಷ್ಟು ಸಾವಿರ ಲಾರಿ ಮರಳು ಅವನ ಕೈಯಿಂದ ದಾಟಿ ಗೋಡೆಯೊಳಗೆ ಹೋಗಿತ್ತೋ. ಒಂದು ಕಾಳನ್ನೂ ಅವನು ಹೀಗೆ ನೋಡಿರಲಿಲ್ಲ.

ಜೇಬಿನಲ್ಲಿ ಫೋನು ಗುರುಗುಟ್ಟಿತು. ಅವನು ಎದ್ದ.

"ನೀನು ನಿಧಾನಕ್ಕೆ ಬಾ. ನಾನು ಮುಂದೆ ಹೋಗಿ ನಿನ್ನ ತಮ್ಮನ್ನ ತಡೀತೀನಿ."

ಅವಳು ಕತ್ತು ಎತ್ತಲಿಲ್ಲ. ಮರಳನ್ನು ಬೆರಳ ಸಂದಿಯಿಂದ ಸೋಸಿ ಬಿಡುವುದರಲ್ಲಿ ಮುಳುಗಿದ್ದಳು.

ಅವನ ಜೊತೆಗೇ ಕೋಣೆಗೆ ಮರಳಿದ ಕಾವಲಿನಾಕೆ ಅವನ ಎರಡೂ ಪಾದ ಉಜ್ಜಿದಳು. ಬಕೆಟ್ಟಿನ ತಳದಲ್ಲಿ ಅಂದಿನ ಜನರ ಕಾಲಿನಿಂದ ಉದುರಿದ್ದು ನಾಲ್ಕು ಬೆರಳು ದಪ್ಪ ಕೂಡಿತ್ತು.

"ಇದನ್ನ ಏನು ಮಾಡ್ತೀರಿ?"

"ಐದು ಗಂಟೆಗೆ ಹೊತ್ಕೊಂಡು ಹೋಗಿ ದಂಡೆಗೇ ಸುರೀತೀನಿ. ದಿನಾ ಅಷ್ಟೇ. ಸೊಂಟ ಬಿದ್ದುಹೋಗಿದೆ."

ಮೇಸ್ತ್ರಿ ಒಂದು ಕಾಲಿಗೆ ಚಪ್ಪಲಿ ಹಾಕಿದ. ಕಿಟಕಿಯಲ್ಲಿ ಹೆಂಡತಿ ಕಾಣುತ್ತಿದ್ದಳು. ಸೀರೆ ಮಂಡಿಗೆ ಎತ್ತಿಕೊಂಡು, ಅಲೆ ಬಂದಾಗ ಹಿಂದೆ ಓಡಿ, ಅದು ಹೋದಾಗ ಬೆನ್ನಟ್ಟಿ ಹೋಗಿ, ಬಗ್ಗಿ ಏನನ್ನೋ ಹೆಕ್ಕಿ ನೋಡಿ ಮತ್ತೆ ಅಲ್ಲೇ ಬಿಡುತ್ತಿದ್ದಳು. ಅವಳು ಓಡಿದ್ದನ್ನು ಅವನು ಕಂಡೇ ಎಷ್ಟೋ ವರ್ಷವಾಗಿತ್ತು.

"ಇಲ್ಲಿಂದ ಸಂಜೆ ಬಸ್ಸು ಇದೆಯಾ?"

"ಆರಕ್ಕೆ ಒಂದಿದೆ. ನಿಧಾನ ಹೋಗುತ್ತೆ. ಊರೂರಿಗೂ ನಿಲ್ಲುತ್ತೆ."

ಫೋನು ಮತ್ತೆ ಗುರುಗುಟ್ಟಿತು. ಈ ಸಲ ಎತ್ತಿದ.

"ಭಾವ, ಹತ್ತು ಅಂದ್ರಿ, ನಲವತ್ತಾಯ್ತು. ಇನ್ನೂ ಐದು ಜಾಗ ಬಾಕಿ ಇದೆ."

"ಆ ಐದನ್ನೂ ನಮ್ಮ ಪರವಾಗಿ ನೀನೇ ನೋಡ್ಕೊಂಡು ಬಾ ಕಣಯ್ಯಾ."

"ತಮಾಷೆ ಸಾಕು. ಅಕ್ಕ ಎಲ್ಲಿ?"

"ಅಕ್ಕ ಕೆಲಸದಲ್ಲಿದ್ದಾಳೆ. ಸಮುದ್ರಕ್ಕೆ ಜರಡಿ ಹಿಡಿಯೋದು ಹೇಳಿಕೊಡ್ತಿದ್ದಾಳೆ. ನಾವು ಬಸ್ಸಿಗೆ ಬರ್ತೀವಿ, ನೀವು ಹೊರಡಿ."

ಆಚೆಯಿಂದ ಏನೋ ಕೂಗು ಕೇಳಿಸುತ್ತಿತ್ತು. ಮೇಸ್ತ್ರಿ ಹಾಕಿದ್ದ ಒಂದು ಚಪ್ಪಲಿಯನ್ನೂ ಬಿಚ್ಚಿ ಹಲಗೆಯ ಮೇಲಿಟ್ಟ. ಅದರೊಳಗೆ ಫೋನನ್ನು ಇಟ್ಟ.

"ಈಗಷ್ಟೇ ಉಜ್ಜಿದ್ದೆ ಕಾಲು," ಎಂದಳು ಕಾವಲಿನಾಕೆ.

"ಸಂಜೆ ಇನ್ನೊಂದ್ಸಲ ಉಜ್ಜಿ. ಬಕೆಟ್ಟು ಮುಟ್ಬೇಡಿ, ಐದಕ್ಕೆ ನಾನು ಹೊರ್ತೀನಿ. ಮರಳಿನ ಕೆಲಸ ಬಿಟ್ರೆ ನನಗೆ ಬೇರೆ ವಿದ್ಯೆ ಬರಲ್ಲ."

ಕಡಲ ಕಡೆಯ ಬಾಗಿಲು ತಳ್ಳಿಕೊಂಡು ಮೇಸ್ತ್ರಿ ಹೊರಟ. ಚಪ್ಪಲಿಯೊಳಗೆ ಫೋನು ಮತ್ತೆರಡು ಸಲ ಗುರುಗುಟ್ಟಿ, ಸುಸ್ತಾಗಿ, ಸುಮ್ಮನಾಯಿತು.