ಏಳನೇ ಮನೆಯಲ್ಲಿ ನಿಂತ ದೆವ್ವ

ನಮ್ಮ ಕನ್ನಡ ಸಂಘದ ಕೈಬರಹದ ಪತ್ರಿಕೆಗೆ ಇದ್ದದ್ದು ಒಂದೇ ಪ್ರತಿ. ಎರಡು ತಿಂಗಳಿಗೊಂದು ಸಂಚಿಕೆ. ಅದು ಚೆನ್ನೈನ ಒಂಬತ್ತು ಮನೆಗಳನ್ನು ಸುತ್ತಿ ಬರಬೇಕು, ಒಂದೊಂದು ಮನೆಯಲ್ಲಿ ನಾಲ್ಕು ದಿನ. ಕೊನೆಯ ಹತ್ತು ಹಾಳೆಗಳನ್ನು ಖಾಲಿ ಬಿಡುತ್ತಿದ್ದೆವು. ಓದಿದವರು ಅಲ್ಲಿ ಅಭಿಪ್ರಾಯ ಬರೆದ ಮೇಲೆಯೇ ಮುಂದಿನ ಮನೆಗೆ ದಾಟಿಸಬೇಕೆಂಬುದು ನಿಯಮ.

ಆ ಪತ್ರಿಕೆಯಲ್ಲಿ ನಾನೊಂದು ಕಾದಂಬರಿ ಬರೆಯುತ್ತಿದ್ದೆ. ವಿಕ್ಟೋರಿಯಾ ರಾಣಿಯ ಕಾಲದ ಲಂಡನ್, 1887ರ ಚಳಿಗಾಲ. ಥೇಮ್ಸ್ ನದಿಯ ದಡದ ಮನೆಯೊಂದಕ್ಕೆ, ಕಡಲಲ್ಲಿ ಮುಳುಗಿಹೋದ ಕಪ್ತಾನನ ದೆವ್ವ ಬರುತ್ತದೆ. ಆ ಮನೆಯಲ್ಲಿ ಅವನ ಹೆಂಡತಿ, ಮಗಳು ಇದ್ದಾರೆ. ಯುವ ವೈದ್ಯನೊಬ್ಬ ದೆವ್ವದ ಜಾಡು ಹಿಡಿದು ಹಡಗುಕಟ್ಟೆ, ನೆಲಮಾಳಿಗೆ, ಮಂಜು ತುಂಬಿದ ಓಣಿಗಳಲ್ಲಿ ಅಲೆಯುತ್ತಾನೆ. ನಾನು ಲಂಡನ್ ನೋಡಿದವನಲ್ಲ. ಮಣಲಿಯ ರಿಫೈನರಿಯ ಲ್ಯಾಬಿನಲ್ಲಿ ಕೆಮಿಸ್ಟ್. ಹಳೆಯ ನಕಾಶೆಯೊಂದರ ಜೆರಾಕ್ಸ್ ಇಟ್ಟುಕೊಂಡು, ಬೀದಿಯಿಂದ ಬೀದಿಗೆ ಎಷ್ಟು ನಿಮಿಷದ ನಡಿಗೆ ಎಂದು ಸ್ಕೇಲು ಹಿಡಿದು ಅಳೆದೇ ಬರೆದವನು.

ಅಭಿಪ್ರಾಯಗಳು ಮಾತ್ರ ನಾನು ನಿರೀಕ್ಷಿಸಿದ ದಿಕ್ಕಿನಿಂದ ಬರುತ್ತಿರಲಿಲ್ಲ. ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದ ಕಾಂತಪ್ಪನವರು ಬರೆದರು: "ಮೂರನೇ ಕಂತಿನಲ್ಲಿ ಗಾಡಿ ನೀರಿಗಾಗಿ ಎಲ್ಲೂ ನಿಲ್ಲಲೇ ಇಲ್ಲ. ಉಗಿ ಎಲ್ಲಿಂದ ಬಂತು?" ವಿಮಾ ಕಚೇರಿಯ ದಿನೇಶ್ ಬರೆದದ್ದು: "ಕಪ್ತಾನನ ಶವ ಸಿಕ್ಕಿಲ್ಲ. ಏಳು ವರ್ಷ ಕಳೆಯುವವರೆಗೆ ಅವನು ಸತ್ತನೆಂದು ಹೇಳಲು ಬರುವುದಿಲ್ಲ. ಆದ್ದರಿಂದ ದೆವ್ವವೂ ಆಗಲಾರ." ಉಳಿದವರದು "ಚೆನ್ನಾಗಿದೆ, ಮುಂದುವರಿಸಿ." ಇವನ್ನೆಲ್ಲ ನಾನು ಒಂದು ನೋಟ್‌ಬುಕ್ಕಿನಲ್ಲಿ ಮನೆವಾರು ಪಟ್ಟಿ ಮಾಡಿಡುತ್ತಿದ್ದೆ.

ಏಳನೆಯದು ಕೊನೆಯ ಕಂತು. ಸಂಘದ ಕಾರ್ಯದರ್ಶಿ ಚಂದ್ರಶೇಖರ ಮೊದಲೇ ಹೇಳಿದ್ದರು: "ಒಂಬತ್ತರಲ್ಲಿ ಆರು ಮನೆಯವರು ಮುಕ್ತಾಯ ಒಪ್ಪಿದ್ರೆ ನವೆಂಬರಿಗೆ ಪುಸ್ತಕ ಮಾಡೋಣ ಮುರಳೀಧರ. ಇಲ್ಲಾಂದ್ರೆ ಅಡುಗೆ ಪುಸ್ತಕ ರೆಡಿ ಇದೆ." ನನಗಾಗ ನಲವತ್ತೇಳು. ನನ್ನ ಹೆಸರು ಅಚ್ಚಾದದ್ದು ಮದುವೆಯ ಕರೆಯೋಲೆಯಲ್ಲಿ ಮಾತ್ರ.

ಮುಕ್ತಾಯದ ಬಗ್ಗೆ ನನಗೆ ಧೈರ್ಯವಿತ್ತು. ಮನೆಯ ಚಿಮಣಿಯೊಳಗೆ ಇಟ್ಟಿಗೆ ಕುಸಿದಿದೆ. ಚಳಿಗೆ ಕಿಟಕಿಗಳೆಲ್ಲ ಬಿಗಿಯಾಗಿ ಮುಚ್ಚಿವೆ. ಒಲೆಯಿಂದ ಎದ್ದ ಕಾರ್ಬನ್ ಮಾನಾಕ್ಸೈಡ್ ಕೋಣೆಯಲ್ಲೇ ತುಂಬಿಕೊಂಡು ಮನೆಯವರ ತಲೆ ಕೆಡಿಸಿದೆ. ಕಪ್ತಾನ ಕಂಡದ್ದು ಅವರ ಭ್ರಮೆ. ವೈದ್ಯ ಚಿಮಣಿ ತೆರೆಸುತ್ತಾನೆ, ದೆವ್ವ ಮಾಯ. ಎಲ್ಲವೂ ಲೆಕ್ಕಕ್ಕೆ ಸರಿಹೊಂದಿದೆ ಎಂದುಕೊಂಡಿದ್ದೆ.

ಆ ಸಂಚಿಕೆ ಏಳನೇ ಮನೆಯಲ್ಲಿ ನಿಂತುಬಿಟ್ಟಿತು. ಅದು ಅಂಬತ್ತೂರಿನ ಜಾನಕಮ್ಮನವರ ಮನೆ. ಮೈಸೂರಿನ ಕಡೆಯವರು, ಗಂಡನಿಗೆ ಅಲ್ಲಿನ ಇಂಡಸ್ಟ್ರಿಯಲ್ ಎಸ್ಟೇಟಿನ ಕಾರ್ಖಾನೆಯೊಂದರಲ್ಲಿ ಕೆಲಸ. ಮನೆಗೆ ಫೋನಿರಲಿಲ್ಲ. ನಾಲ್ಕು ದಿನ ಹೋಗಿ ಹದಿನೆಂಟು ದಿನಗಳಾದವು.

"ದೆವ್ವಕ್ಕೆ ಅಂಬತ್ತೂರು ಹಿಡಿಸಿರ್ಬೇಕು," ಎಂದಳು ನನ್ನ ಹೆಂಡತಿ ಕಲಾವತಿ. "ಹೋಗಿ ಕರ್ಕೊಂಡ್ ಬನ್ನಿ. ನಿಮ್ಮ ಮುಖ ನೋಡೋಕಾಗ್ತಿಲ್ಲ."

ಆಗಸ್ಟಿನ ಎರಡನೇ ಶನಿವಾರ, ಎರಡು ಬಸ್ಸು ಬದಲಾಯಿಸಿ ಹೋದೆ. ಮಧ್ಯಾಹ್ನ ಮೂರು ಗಂಟೆ, ಕರೆಂಟ್ ಹೋಗಿತ್ತು. ಜಾನಕಮ್ಮ ಮನೆಯ ಮುಂದಿನ ಮೆಟ್ಟಿಲ ಮೇಲೆ ನಮ್ಮ ಪತ್ರಿಕೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಸುತ್ತ ಐದಾರು ಮಂದಿ ನೆರೆಯ ಹೆಂಗಸರು, ನಡುವೆ ಬೀಸಣಿಗೆ ಹಿಡಿದ ಒಬ್ಬ ಪಾಟಿ. ಅಂದರೆ ಅಜ್ಜಿ, ಆ ಕಟ್ಟಡಕ್ಕೆಲ್ಲ ಅವರು ಪಾಟಿಯೇ. ಜಾನಕಮ್ಮ ಕನ್ನಡದ ಪುಟ ನೋಡುತ್ತ ಸರಾಗವಾಗಿ ತಮಿಳಿನಲ್ಲಿ ಕಥೆ ಹೇಳುತ್ತಿದ್ದರು. ನನ್ನ ಕಥೆ.

ನನ್ನನ್ನು ಕಂಡವರೇ ಎದ್ದು, ಗೋಡೆಯ ಪಕ್ಕಕ್ಕೆ ಕರೆದೊಯ್ದರು.

"ಸಾರ್, ತಪ್ಪಾಯ್ತು. ಓದಿ ಮುಗಿಸಿ ಹದಿನೈದು ದಿನ ಆಯ್ತು. ಅಭಿಪ್ರಾಯ ಬರೆಯೋಕೆ ಆಗ್ಲಿಲ್ಲ."

"ಯಾಕಮ್ಮ, ಹಿಡಿಸಲಿಲ್ವಾ?"

"ಅದಲ್ಲ ಸಾರ್. ಮೊದಲ್ನೇ ಕಂತಿಂದಾನೂ ನಾನು ಇವರಿಗೆಲ್ಲ ತಮಿಳಲ್ಲಿ ಓದಿ ಹೇಳ್ತಿದ್ದೆ. ಕೊನೇದೂ ಹೇಳಿದೆ. ಆಮೇಲೆ ಪಾಟಿ ಕೇಳಿದ್ರು, 'ಪೇಯ್ ಇಲ್ಲೇನ್ನಾ ಜನ್ನಲ ತಟ್ಟುನದು ಯಾರುಡೀ' ಅಂತ. ದೆವ್ವ ಇಲ್ದೆ ಇದ್ರೆ ಕಿಟಕಿ ಬಡಿದದ್ದು ಯಾರು?"

ನಾನು ಕಂತುಗಳನ್ನು ಬೆರಳಲ್ಲೇ ಎಣಿಸಿದೆ. ನಾಲ್ಕು ಕಂತುಗಳಲ್ಲಿ ಕಪ್ತಾನ ಹೊರಗೆ ನಿಂತು ಕಿಟಕಿಯ ಗಾಜು ಬಡಿಯುತ್ತಾನೆ. ಓದುವವರಿಗೆ ಭಯವಾಗಲಿ ಎಂದು ಹಾಗೆ ಬರೆದಿದ್ದೆ. ಅದರಲ್ಲೂ ಒಮ್ಮೆ ಆ ಸದ್ದು ಕೇಳಿದ್ದು ಬೀದಿಯ ಕಾವಲುಗಾರನಿಗೆ. ಅವನು ಆ ಮನೆಯ ಗಾಳಿ ಕುಡಿದವನೇ ಅಲ್ಲ.

"ನೀವೇನು ಹೇಳಿದ್ರಿ?"

ಜಾನಕಮ್ಮ ಸೆರಗಿನ ತುದಿ ಸುತ್ತಿದರು. "ಒಂದು ಪುಟ ಬಿಟ್ಟುಹೋಗಿತ್ತು ಪಾಟಿ ಅಂತ ಸುಳ್ಳು ಹೇಳ್ಬಿಟ್ಟೆ. ಆ ಪುಟ ನಾನೇ ಕಟ್ಟಿದೆ. ಕಪ್ತಾನನಿಗೆ ಗೊತ್ತು, ಒಳಗೆ ವಿಷದ ಹೊಗೆ ತುಂಬಿದೆ ಅಂತ. ಕಿಟಕಿ ತೆಗೀರಿ ಅಂತಲೇ ಬಡೀತಿದ್ದ. ಅವರು ಹೆದರಿಕೊಂಡು ಇನ್ನೂ ಭದ್ರ ಮಾಡ್ಕೊಂಡ್ರು. ಕೊನೇಗೆ ಮಗಳಿಗೆ ಅರ್ಥ ಆಗಿ, ಹೋಗಿ ಕಿಟಕಿ ತೆಗೀತಾಳೆ. ಇವರು ಅದನ್ನೇ ಮತ್ತೆ ಮತ್ತೆ ಹೇಳಿಸ್ತಾರೆ ಸಾರ್, ಇವತ್ತಿಗೆ ನಾಲ್ಕನೇ ಸಲ. ಈಗ ಅಭಿಪ್ರಾಯ ಅಂತ ನಾನು ಏನು ಬರೀಲಿ? ಯಾವ ಕಥೆಗೆ ಬರೀಲಿ?"

ನಾನು ಗೋಡೆಗೆ ಒರಗಿ ನಿಂತೆ. ಮೊದಲು ಕೋಪ ಬಂತು ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ ಲ್ಯಾಬಿನ ಅಭ್ಯಾಸ ದೊಡ್ಡದು. ಗ್ರಾಫಿನಲ್ಲಿ ಒಂದು ಬಿಂದು ಗೆರೆಯಿಂದ ದೂರ ಉಳಿದರೆ, ಅಳಿಸಬೇಕಾದ್ದು ಬಿಂದುವನ್ನಲ್ಲ, ಗೆರೆಯನ್ನು. ಹೊಗೆ ನಿಜ, ಕಪ್ತಾನನೂ ನಿಜ ಎಂದು ಇಟ್ಟುಕೊಂಡು ಏಳೂ ಕಂತುಗಳನ್ನು ಮನಸ್ಸಿನಲ್ಲೇ ತಿರುವಿಹಾಕಿದೆ. ಒಂದು ಘಟನೆಯೂ ಹೊರಗುಳಿಯಲಿಲ್ಲ. ಜಾನಕಮ್ಮನ ಗೆರೆ ನನ್ನದಕ್ಕಿಂತ ನೇರವಾಗಿತ್ತು.

ಪಾಟಿ ಮೆಟ್ಟಿಲಿನಿಂದಲೇ ಕೂಗಿ, ಬಂದವರು ಯಾರೆಂದು ತಮಿಳಿನಲ್ಲಿ ಕೇಳಿದರು. ಕಥೆ ಬರೆದವರೆಂದು ಜಾನಕಮ್ಮ ಅಳುಕುತ್ತಲೇ ಹೇಳಿದರು. ಪಾಟಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಬೀಸಣಿಗೆಯಿಂದಲೇ ಪಕ್ಕದ ಜಾಗ ತೋರಿಸಿದರು.

"ಆ ಪುಟ ಯಾಕಪ್ಪಾ ಬಿಟ್ಟೆ?" ಎಂದರು. "ಅದೇ ಅಲ್ಲವಾ ಕಥೆ?"

ಜಾನಕಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು.

"ಅವಸರದಲ್ಲಿ ಬಿಟ್ಟುಹೋಯಿತು ಪಾಟಿ," ಎಂದೆ ನನ್ನ ಮುರುಕು ತಮಿಳಿನಲ್ಲಿ. "ಈಗ ಸೇರಿಸ್ತೀನಿ."

ಅಲ್ಲೇ ಕೂತೆ. ಚಂದ್ರಶೇಖರರಿಗೆ ಫೋನ್ ಮಾಡಿ ಇನ್ನೊಂದು ತಿಂಗಳು ಕೇಳಬೇಕು, ಮೊದಲ ಆರು ಮನೆಗಳಿಗೂ ಮತ್ತೆ ಕಳಿಸಬೇಕು. ಆ ಆರು ಮನೆಯವರು ಏನು ಬರೆದಿದ್ದಾರೆಂದು ತೆರೆದು ನೋಡಬೇಕೆನ್ನಿಸಲಿಲ್ಲ. ಅವರು ಓದಿದ್ದು ಮುಗಿಯದ ಕಥೆ.

"ಮತ್ತೆ ನಿಮ್ಮ ಕೆಮಿಸ್ಟ್ರಿ ಸಾರ್?" ಜಾನಕಮ್ಮ ಮೆಲ್ಲಗೆ ಕೇಳಿದರು.

"ಅದೂ ಇರುತ್ತಮ್ಮ. ಹೊಗೆ ಇಲ್ದೆ ಅವನು ಯಾಕೆ ಬಡೀತಾನೆ?" ಜೇಬಿನಿಂದ ಪೆನ್ನು ತೆಗೆದೆ. "ಕಿಟಕಿ ಹತ್ರದಿಂದ ಶುರು ಮಾಡಿ. ಕನ್ನಡದಲ್ಲೇ ಹೇಳಿ, ನಿಧಾನವಾಗಿ."

ಅವರು ಶುರುಮಾಡಿದರು. ಎರಡು ವಾಕ್ಯ ಆಗಿರಬಹುದು, ಕನ್ನಡ ಬಾರದಿದ್ದರೂ ಜಾನಕಮ್ಮನ ಕೈಸನ್ನೆಯಲ್ಲೇ ಕಥೆ ಹಿಡಿದ ಪಾಟಿ ಬೀಸಣಿಗೆ ಅಡ್ಡ ಹಿಡಿದು ನಿಲ್ಲಿಸಿದರು. "ಮೆದುವಾ, ನಿಧಾನವಾಗಿ ಹೇಳುಡೀ. ಆ ಹುಡುಗಿ ಇನ್ನೂ ಮಂಚ ಬಿಟ್ಟೇ ಎದ್ದಿಲ್ಲ."