ಗುಡಿಸಿದ ಪುಡಿ

ಗದಗಿನ ಕೈಗಾರಿಕಾ ವಸಾಹತಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಶೈಲಾ ಒಂಬತ್ತು ವರ್ಷದಿಂದ ಪುಡಿ ಕೋಣೆ ನೋಡಿಕೊಂಡಿದ್ದಳು. ಸೆರಾಮಿಕ್ ಪುಡಿಯನ್ನು ಒಣಗಿಸಿ, ಜರಡಿ ಹಿಡಿದು ಕೊಡುವುದು ಅವಳ ಕೆಲಸ. ಅದನ್ನು ಪ್ಲಾಸ್ಮಾ ಗನ್ನಿನ ಉರಿಯಲ್ಲಿ ಕರಗಿಸಿ, ಪಂಪಿನ ದಂಡಕ್ಕೆ ತೊಡಿಸುವ ಉಕ್ಕಿನ ಸ್ಲೀವುಗಳು ಸವೆಯದಂತೆ ಅವುಗಳ ಮೇಲೆ ಲೇಪವಾಗಿ ಎರಚುವವನು ಸೋಮೇಶ. ಅವನಿಗೆ ಗನ್ ಹಿಡಿಯಲು ಕಲಿಸಿದವಳೂ ಅವಳೇ. ಬೆಟಗೇರಿಯ ನೇಕಾರರ ಮನೆಯಲ್ಲಿ ನೂಲು ಮುಟ್ಟಿ ಬೆಳೆದ ಶೈಲಾಳ ಬೆರಳಿಗೆ ಪುಡಿಯ ನಯ, ತೇವ ಎರಡೂ ತಿಳಿಯುತ್ತಿದ್ದವು.

ಶ್ರಾವಣದಲ್ಲಿ ಬೆಳ್ಳಟ್ಟಿಯ ಕುಡಿಯುವ ನೀರಿನ ಪಂಪುಗಳ ಸ್ಲೀವುಗಳು ಲೇಪಕ್ಕೆ ಬಂದವು. ಹೊಸ ಪುಡಿ ಸಾಲುವಂತಿರಲಿಲ್ಲ. ಎರಚುವಾಗ ನೆಲಕ್ಕೆ ಬಿದ್ದು, ಗುಡಿಸಿಟ್ಟಿದ್ದ ಪುಡಿಯ ಡಬ್ಬಿಯನ್ನು ಮಾಲೀಕ ಕನಕರಾಜ ತಂದಿಟ್ಟ.

"ಇದನ್ನ ಹೊಸ ಪುಡ್ಯಾಗ ಕಲಸವ್ವಾ."

"ಬ್ಯಾಡ್ರಿ ಸಾಹೇಬ್ರ. ಒಮ್ಮೆ ಬೆಂಕಿ ಕಂಡ ಪುಡಿ ಇದು. ಥಂಡಿ ಹಿಡದೈತಿ, ಗನ್ನಿನ ಕೊಳವ್ಯಾಗ ಗಂಟ ಆಗತೈತಿ. ದಪ್ಪ ಕಾಳು ಕರಗಲಾರದ ಕುಂತು ಲೇಪ ಪೊಳ್ಳ ಆಗತೈತಿ."

"ಮ್ಯಾಲ ಬೆಳ್ಳಗ ಕಂಡ್ರ ಸಾಕು. ನಾಳೆ ಮಾಲು ಹೋಗಬೇಕು."

ಅವಳು ಕೈ ಹಚ್ಚಲಿಲ್ಲ. ಸೋಮೇಶನ ಎದುರೇ ಕನಕರಾಜ ತಾನೇ ಕಲಸಿದ. ಆಮೇಲೆ ರಜಿಸ್ಟರ್ ಮುಂದೆ ಚಾಚಿದ. ಮಗಳು ಅಂಕಿತಾಳ ಕಾಲೇಜಿನ ಫೀ ನೆನಪಾಗಿ ಶೈಲಾ, 'ಒಣಗಿಸಲಾಗಿದೆ, ಜರಡಿ ಹಿಡಿಯಲಾಗಿದೆ' ಎಂಬುದರ ಕೆಳಗೆ ಸಹಿ ಹಾಕಿದಳು.

ಎರಡೇ ತಿಂಗಳಿಗೆ ಲೇಪ ಹಕ್ಕಳೆ ಹಕ್ಕಳೆಯಾಗಿ ಎದ್ದಿತು. ಪಂಪುಗಳು ನಿಂತು ಎಂಟು ದಿನ ಬೆಳ್ಳಟ್ಟಿಗೆ ನೀರಿಲ್ಲ. ವಿಚಾರಣೆಗೆ ನೀರು ಸರಬರಾಜು ಇಲಾಖೆಯ ಎಂಜಿನಿಯರ್ ಬಂದಾಗ ಕನಕರಾಜ ರಜಿಸ್ಟರ್ ತೆಗೆದು ತೋರಿಸಿದ. "ಈಕಿ ಒಣಗಸೇ ಇಲ್ರಿ. ಸುಳ್ಳ ಸಹಿ ಮಾಡ್ಯಾಳ."

ಶೈಲಾ ಸೋಮೇಶನತ್ತ ತಿರುಗಿದಳು. "ನೀ ಅಲ್ಲೇ ಇದ್ದೆಲ್ಲ ತಮ್ಮಾ, ಹೇಳು."

ಅವನು ಗನ್ನಿನ ಮೂತಿ ಒರೆಸುತ್ತಲೇ ಇದ್ದ. "ನಾ ಬರೇ ಗನ್ ಹಿಡಿಯಾಂವ್ರಿ. ಪುಡಿ ಖಬರ ನನಗಿಲ್ಲ."

"ಸಹಿ ನಂದ ಖರೆ," ಎಂದಳು ಶೈಲಾ. "ಡಬ್ಬಿ ಅವರದು." ಎಂಜಿನಿಯರ್ ಸಹಿಯನ್ನಷ್ಟೇ ಬರೆದುಕೊಂಡ. ಸಂಜೆಯೊಳಗೆ ಅವಳ ಕೆಲಸ ಹೋಯಿತು.

ಹದಿನೈದು ದಿನಕ್ಕೆ ಸೋಮೇಶನ ಫೋನು. "ಅಕ್ಕಾ, ಪುಡಿ ತಡದ ತಡದ ಬರಾಕತ್ತೈತಿ. ಎಷ್ಟೊತ್ತು ಒಣಗಸ್ಬೇಕು?"

ಬಾಯಿತುಂಬ ಬೈಗುಳ ಬಂದವು. ನುಂಗಿದಳು. "ಯಾ ಊರಿನ ಮಾಲು?"

"ಮುಂಡರಗಿ ಕಡೇದು. ನೀರಿನ ಪಂಪು."

"ತಟ್ಟ್ಯಾಗ ತೆಳ್ಳಗ ಹರವು. ನೂರಾ ಇಪ್ಪತ್ತು ಡಿಗ್ರಿಗೆ ಎರಡ ತಾಸು. ಬಿಸಿ ಇದ್ದಾಗ ಜರಡಿ ಹಿಡಿ."

"ಭಾಳ ಉಪಕಾರ ಆತ ಅಕ್ಕಾ."

"ಅಕ್ಕಾ ಅನಬ್ಯಾಡ," ಎಂದು ಫೋನ್ ಇಟ್ಟಳು. ಮುಂಡರಗಿ ಕಡೆಯವರಿಗಾದರೂ ನೀರು ನಿಲ್ಲದಿರಲಿ. ಅವನ ಮೇಲಿನ ಸಿಟ್ಟು ಆ ಮಾತಿನೊಂದಿಗೇ ಇಳಿಯಿತು. ಸುಳ್ಳೆಂದು ಗೊತ್ತಿದ್ದೂ ಸಹಿ ಹಾಕಿದ ತನ್ನ ಕೈಮೇಲಿನ ಸಿಟ್ಟು ಇಳಿಯಲಿಲ್ಲ.