ನಲ್ಲಿ ನಿಲ್ಲಿಸದ ಯಜಮಾನರು

ನುಕಾಗ ಮೇಷ್ಟ್ರ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷದಿಂದ ಕಾಗದಪತ್ರ ನೋಡಿಕೊಳ್ಳುವವಳು ನಾನು, ಒಸನಾಯಿ. ಗಣಿತ ನನಗೆ ಬಾರದು. ಆದರೆ ಯಾರು ಊಟ ಬಿಟ್ಟಿದ್ದಾರೆ ಅನ್ನುವುದು ಕಸದ ಬುಟ್ಟಿ ನೋಡಿದರೇ ತಿಳಿಯುತ್ತದೆ. ಆ ವಾರ, ಪಿಎಚ್‌ಡಿ ಮುಗಿಸುತ್ತಿದ್ದ ಚಿಜುವಿನ ಬುಟ್ಟಿಯಲ್ಲಿ ಅನ್ನದುಂಡೆಯ ಒಂದು ಹೊದಿಕೆಯೂ ಇರಲಿಲ್ಲ.

ಕಾರಣ ನಾನೇ ಹಂಚಿದ್ದ ಸುತ್ತೋಲೆ. ವರ್ಷಕ್ಕೊಮ್ಮೆ ತಪಾಸಣೆಗೆಂದು ನಮ್ಮ ಕಟ್ಟಡದ ಕರೆಂಟು ಪೂರ್ತಿ ತೆಗೆಯುತ್ತಾರೆ. ಈ ಸಲ ಶನಿವಾರ ಬೆಳಗ್ಗೆ ಒಂಬತ್ತಕ್ಕೆ. ಸೋಮವಾರ ಅವಳು ಪ್ರಬಂಧ ಒಪ್ಪಿಸಬೇಕು. ತಪ್ಪಿದರೆ ದೂರದ ಅಕಿತಾ ಊರಿನ ಕಾಲೇಜಿನಲ್ಲಿ ಸಿಕ್ಕಿದ್ದ ಕೆಲಸವೂ ಹೋದಂತೆ. ಕಂಪ್ಯೂಟರಿನಲ್ಲಿ ಓಡುತ್ತಿದ್ದ ಅವಳ ಲೆಕ್ಕ ಮುಗಿಯಲು ಇನ್ನೂ ಒಂಬತ್ತು ದಿನ ಬೇಕು, ಇದ್ದದ್ದು ಮೂರು.

ನನಗೆ ಅರ್ಥವಾದ ಮಟ್ಟಿಗೆ, ಕಂಪ್ಯೂಟರಿನೊಳಗೆ ಲಕ್ಷ ಚುಕ್ಕಿಗಳು ಕುಡುಕರ ಹಾಗೆ ಅಡ್ಡಾಡುತ್ತವೆ. ಎರಡು ಹಳ್ಳ, ನಡುವೆ ದಿಬ್ಬ. ಯಾವ ಹಳ್ಳದಲ್ಲಿ ಎಷ್ಟು ನಿಲ್ಲಬೇಕೋ ಅಷ್ಟು ನಿಂತರೆ ಉತ್ತರ ಸಿಕ್ಕಂತೆ. ದಿಬ್ಬ ದಾಟಲು ಮಾತ್ರ ಅವಕ್ಕೆ ಯಾವ ಆತುರವೂ ಇಲ್ಲ.

ಹಾಗಾಗಿ ಬುಧವಾರ ಚಿಜು ಚುಕ್ಕಿಗಳಿಗೆಲ್ಲ ಸುತ್ತು ಹಾಕಿಸುವ ಒಂದು ತಳ್ಳು ಕೊಟ್ಟಳು. ಮಧ್ಯಾಹ್ನದೊಳಗೆ ಎಲ್ಲ ನೆಲೆ ನಿಂತವು. ಚಹಾದ ಹೊತ್ತಿಗೆ ಮುಖ ಅರಳಿಸಿಕೊಂಡು ಬಂದಳು. ಮೇಷ್ಟ್ರು ಹೊಗಳಲಿಲ್ಲ, ಕೈಯಲ್ಲೇ ಬಿಡಿಸಬಹುದಾದ ಚಿಕ್ಕ ಲೆಕ್ಕವೊಂದನ್ನು ಅದೇ ತಳ್ಳಿನಿಂದ ಮಾಡಿಸಿದರು. ಎರಡು ಹಳ್ಳಕ್ಕೆ ನೂರರಲ್ಲಿ ಎಪ್ಪತ್ತು-ಮೂವತ್ತು ಬರಬೇಕಾದ ಕಡೆ ಐವತ್ತೈದು-ನಲವತ್ತೈದು ಬಂತು.

"ಬೇಗ ಏನೋ ಬಂದ್ಯಮ್ಮಾ, ಬಂದಿದ್ದು ಪಕ್ಕದ್ಮನೆಗೆ," ಅಂದರು ಮೇಷ್ಟ್ರು.

ಚಿಜು ಚಹಾ ಮುಟ್ಟದೆ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. ನನಗೆ ಮೇಷ್ಟ್ರ ಮೇಲೆ ಸಿಟ್ಟು ಬಂತು. ಮಾತು ಬದಲಿಸಲೆಂದು ನನ್ನ ಗಂಡನ ಪುರಾಣ ತೆಗೆದೆ. ನಮ್ಮ ಸ್ನಾನದ ತೊಟ್ಟಿ ಹಳೆಯದು. ನೀರು ಮೇಲೆ ಸುಡುತ್ತದೆ, ತಳದಲ್ಲಿ ತಣ್ಣಗಿರುತ್ತದೆ. ಹಲಗೆಯಿಂದ ನಾಲ್ಕು ಸಲ ಕಲಕಿದರೆ ಹದ. ಆದರೆ ನಮ್ಮ ಯಜಮಾನರು ಕಲಕುವಾಗ ತಣ್ಣೀರ ನಲ್ಲಿಯನ್ನೂ ಬಿಟ್ಟಿರುತ್ತಾರೆ. ನಮ್ಮಲ್ಲಿ ಮನೆಮಂದಿಗೆಲ್ಲ ಒಂದೇ ತೊಟ್ಟಿ ನೀರು, ಅವರಾದ ಮೇಲೆ ಅದಕ್ಕೇ ಇಳಿಯುವ ನಾನು ನಡುಗಬೇಕು.

"ಮೂವತ್ತು ವರ್ಷದಿಂದ ಬಡ್ಕೋತಿದೀನಿ, ನಲ್ಲಿ ನಿಲ್ಸಿ ಕಲಕ್ರೀ ಅಂತ. ಕಲಕಿದ್ರೆ ಹದ ಕೆಡಲ್ಲ, ಸುರಿದ್ರೆ ಕೆಡುತ್ತೆ."

ಮೇಷ್ಟ್ರು ನಕ್ಕರು. ಚಿಜು ನಗಲಿಲ್ಲ. "ಅಕ್ಕಾ, ಇನ್ನೊಂದ್ಸಲ ಹೇಳಿ," ಅಂದಳು. ಹೇಳಿದೆ. "ನಾನೂ ನಲ್ಲಿ ಬಿಟ್ಕೊಂಡೇ ಕಲಕಿದೀನಿ," ಎಂದವಳೇ ಎದ್ದು ಹೋದಳು.

ಆಮೇಲೆ ಮೇಷ್ಟ್ರು ನನಗೆ ಬಿಡಿಸಿ ಹೇಳಿದರು. ಅವಳ ತಳ್ಳು ಎಲ್ಲ ಕಡೆ ಒಂದೇ ಸಮ ಇದ್ದುದರಿಂದ ಚುಕ್ಕಿಗಳು ಬೇಡದ ಕಡೆ ಜಮಾಯಿಸಿದ್ದವಂತೆ, ನಲ್ಲಿ ಬಿಟ್ಟ ಹಾಗೆ. ನೆಲೆ ನಿಂತ ಮೇಲೆ ಒಂದು ಜಾಗಕ್ಕೆ ಎಷ್ಟು ಬರುತ್ತವೋ ಅಷ್ಟೇ ಆಚೆ ಹೋಗುವಂತೆ, ಬರೀ ಕಲಕಿದ ಹಾಗೆ, ಸುತ್ತಿಸಿದರೆ ನೆಲೆ ಬದಲಾಗದು, ತಲುಪುವುದು ಮಾತ್ರ ಬೇಗ. ಗೊತ್ತಿದ್ದೂ ಅವಳಿಗೇಕೆ ಹೇಳಲಿಲ್ಲ ಎಂದು ಕೇಳಿದೆ. ತಾನೇ ಕಂಡುಕೊಂಡದ್ದು ಮರೆಯುವುದಿಲ್ಲ ಅಂದರು. ಅವರ ಕಿವಿ ಹಿಂಡಬೇಕು ಅನ್ನಿಸಿತು.

ಗುರುವಾರ ಚಿಕ್ಕ ಲೆಕ್ಕ ಎಪ್ಪತ್ತು-ಮೂವತ್ತಕ್ಕೆ ಬಂದು ನಿಂತಿತು. ದೊಡ್ಡದು ಶನಿವಾರ ಬೆಳಗ್ಗೆ ಎಂಟೂ ನಲವತ್ತಕ್ಕೆ ಮುಗಿಯಿತು. ಒಂಬತ್ತಕ್ಕೆ ಕರೆಂಟು ಹೋದಾಗ ಚಿಜು ಮೆಟ್ಟಿಲ ಮೇಲೆ ಕೂತು ನಾನು ತಂದ ಅನ್ನದುಂಡೆ ತಿನ್ನುತ್ತಿದ್ದಳು, ಮೂರನೆಯದು. ಈ ಹುಡುಗಿ ಅಕಿತಾಕ್ಕೆ ಹೋಗಿಬಿಡುತ್ತಾಳಲ್ಲ ಎಂದು ಆಗ ನನಗೆ ಸಂಕಟವಾಯಿತು.

ಹೊರಡುವ ಮುಂಚೆ ಪ್ರಬಂಧದ ಒಂದು ಪ್ರತಿ ನನಗೂ ಕೊಟ್ಟಳು. ಕೃತಜ್ಞತೆಯ ಪುಟದಲ್ಲಿ ಮೊದಲು ಮೇಷ್ಟ್ರು, ಆಮೇಲೆ ಅವಳ ಅಮ್ಮ, ಆಮೇಲೆ ನಾನು, ಕೊನೆಗೆ "ನಲ್ಲಿ ನಿಲ್ಲಿಸದ, ಒಸನಾಯಿಯವರ ಯಜಮಾನರು."

ಮನೆಗೆ ಒಯ್ದು ಗಂಡನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿ ಸ್ನಾನಕ್ಕೆ ಹೋದರು. ಅವರಾದ ಮೇಲೆ ನಾನು ತೊಟ್ಟಿಗೆ ಇಳಿದೆ. ನೀರು ತಳದವರೆಗೂ ಬೆಚ್ಚಗಿತ್ತು.